ಬ್ಯಾಟರಿ ಗೌಡರು ಮತ್ತು ರೈಗಳ ಜೀಪು

ಕಡಬದ ಬೆಳ್ಯಪ್ಪ ಗೌಡರು ಮಂತ್ರವಾದಿ ಎಂದು ಈ ಸಾಲುಗಳನ್ನು ಬರೆಯುತ್ತಿರುವವನು ಸುಮಾರು ಹತ್ತು ನಿಮಿಷ ನಂಬಿದ್ದುಂಟು. ಎಪ್ಪತ್ತೊಂಬತ್ತನೇ ಇಸವಿಯ ಮಾತು. ಮದುವೆ ಮನೆಯ ಮೈಕ್ ಸೆಟ್ಟಿನ ಬ್ಯಾಟರಿ ಹೊತ್ತುಕೊಂಡು ಅವರ ಅಂಗಡಿಯ ಬಾಗಿಲಿಗೆ ಹೋದಾಗ, ಒಳಗಿನ ಮಬ್ಬಿನಲ್ಲಿ ಖಾಕಿ ಚಡ್ಡಿಯ ಬಡಕಲು ಮನುಷ್ಯರೊಬ್ಬರು ಸಾಲಾಗಿ ಕೂತ ಕಪ್ಪು ಪೆಟ್ಟಿಗೆಗಳ ಮುಂದೆ ಒಂದೊಂದಾಗಿ ಬಾಗುತ್ತಿದ್ದರು. ಗಾಜಿನ ಕೊಳವೆಯೊಂದನ್ನು ಪೆಟ್ಟಿಗೆಯ ತೂತಿಗೆ ಇಳಿಸುವುದು, ಕಣ್ಣಿನ ಮಟ್ಟಕ್ಕೆ ಎತ್ತುವುದು, ಬಾಯೊಳಗೇ ಏನೋ ಗೊಣಗುವುದು, ಮುಂದಿನ ಪೆಟ್ಟಿಗೆಗೆ ಸರಿಯುವುದು. ಮೂಗಿಗೆ ಏರುವ ಖಾರದ ವಾಸನೆ ಬೇರೆ. ಬಂದವನು ಭಯಭಕ್ತಿಯಿಂದ ಚಪ್ಪಲಿ ಕಳಚಿ, ಕೈ ಕಟ್ಟಿ ನಿಂತ.

ಗೌಡರು ಕೊನೆಯ ಪೆಟ್ಟಿಗೆಯನ್ನೂ ಮುಗಿಸಿ ತಿರುಗಿ ನೋಡಿದರು.

“ಚಪ್ಪಲಿ ಎಂತಕ್ಕೆ ತೆಗ್ದದ್ದು? ಹಾಕ್ಕೊಳ್ಳಿ. ನೆಲದಲ್ಲಿ ಆಸಿಡ್ ಉಂಟು.”

ಕೊಳವೆ ಆಸಿಡ್ಡಿನ ಹದ ನೋಡುವುದಂತೆ. ಗೊಣಗಿದ್ದು ಹನ್ನೆರಡು ಐವತ್ತು, ಹನ್ನೊಂದು ಎಂಬತ್ತು ಎಂಬ ಲೆಕ್ಕವಂತೆ. “ಬುಧವಾರ ಬನ್ನಿ” ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ಈ ಮನುಷ್ಯನಿಗೆ ಮಾತಾಡಲು ಜಂಬ ಎಂಬ ಎರಡನೇ ತಪ್ಪು ತಿಳಿವಳಿಕೆ ಅಲ್ಲಿಯೇ ಹುಟ್ಟಿತು. ಅದು ಹೋಗಲು ಐದಾರು ವರ್ಷ ಬೇಕಾಯಿತು.

ಗೌಡರು ಕಡಬದವರಲ್ಲ. ಹುಟ್ಟಿದ್ದು ಪಂಜದ ಹತ್ತಿರ, ಆಡುವ ಮಾತು ಅರೆಭಾಷೆ. ಮಂಗಳೂರಿನ ಬಸ್ ಕಂಪೆನಿಯೊಂದರ ಬ್ಯಾಟರಿ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದು, ಕಸುಬು ಕೈಗೆ ಹತ್ತಿದ ಮೇಲೆ ಕಡಬದಲ್ಲಿ ಸ್ವಂತ ಚಾರ್ಜಿಂಗ್ ಅಂಗಡಿ ಹಾಕಿದರು. ಕಡಬ ಆಗ ಪುತ್ತೂರು ತಾಲೂಕಿನ ಒಂದು ಪೇಟೆ. ಸುತ್ತಲಿನ ಹಳ್ಳಿಗಳಿಗೆ ಜೀಪುಗಳೇ ಗತಿ. ಪೇಟೆಯ ಮಾತೆಲ್ಲ ತುಳುವಿನಲ್ಲಿ. ಅರೆಭಾಷೆಯಲ್ಲಿ ಮಾತಾಡಬೇಕೆಂದು ನಾಲಿಗೆ ತುರಿಸಿದರೆ ಗೌಡರು ಬ್ಯಾಟರಿಗಳಿಗೇ ಎರಡು ಮಾತು ಬೈದು ಸುಮ್ಮನಾಗುತ್ತಿದ್ದರು.

ಪೇಟೆಯಲ್ಲಿ ಜನ ಕೂರದ ಅಂಗಡಿ ಎಂಬುದು ಇರಲಿಲ್ಲ. ಕ್ಷೌರದಂಗಡಿಯಲ್ಲಿ ಕ್ಷೌರಕ್ಕಿಂತ ರಾಜಕೀಯ ಹೆಚ್ಚು. ದರ್ಜಿಯ ಅಂಗಡಿಯಲ್ಲಿ ಅಂಗಿ ಕೊಡದವನೂ ಕೂರುತ್ತಿದ್ದ. ಬ್ಯಾಟರಿ ಅಂಗಡಿಯಲ್ಲಿ ಮಾತ್ರ ಎರಡು ನಿಮಿಷ ನಿಂತರೆ ಕೆಮ್ಮು, ಮೂರನೇ ನಿಮಿಷಕ್ಕೆ ಕಣ್ಣಲ್ಲಿ ನೀರು. ಅದಲ್ಲದೆ ಬ್ಯಾಟರಿ ಚಾರ್ಜ್ ಆಗಲು ಎರಡು ದಿನ. ಕಾದು ಕೂರುವ ಕೆಲಸವೇ ಅಲ್ಲ. ಬಂದವರು ಇಡುವುದು, “ಯಾವಾಗ?” ಎನ್ನುವುದು, ಹೋಗುವುದು. ದಿನಕ್ಕೆ ಹತ್ತು ಜನ ಬಂದರೂ ಗೌಡರ ಪಾಲಿಗೆ ಬೀಳುತ್ತಿದ್ದದ್ದು ಹತ್ತು “ಯಾವಾಗ”.

ಮದುವೆ? ಆಗಬೇಕಿತ್ತು. ಮೂವತ್ತನೇ ವಯಸ್ಸಿನಲ್ಲಿ ಸುಳ್ಯದ ಕಡೆಗೆ ಹೆಣ್ಣು ನೋಡಲು ಹೊಸ ಬಿಳಿ ಅಂಗಿ ಹಾಕಿಕೊಂಡು ಹೊರಟಿದ್ದರು. ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಸುಮ್ಮನೆ ಹೋಗಬಹುದಿತ್ತು, ಕೈ ಕೇಳಲಿಲ್ಲ. ಅದರ ಬ್ಯಾಟರಿ ಇಳಿಸಿ, ಸರಿಮಾಡಿ, ಎತ್ತಿ ಕೊಟ್ಟು, ಕೈ ತೊಳೆದು ಹೆಣ್ಣಿನ ಮನೆ ಮುಟ್ಟಿದರು. ಹಿರಿಯರ ಎದುರು ಚಾಪೆಯಲ್ಲಿ ಕೂತು ಬೆಲ್ಲ ನೀರು ಕುಡಿಯುವಾಗ ಅಂಗಿಯ ಹೊಟ್ಟೆಯ ಮೇಲೆ ಒಂದು ತೂತು ಕಂಡಿತು. ಕಾಫಿ ಬರುವಾಗ ತೂತು ನಾಲ್ಕಾಗಿತ್ತು. ಹುಡುಗಿ ಬಾಗಿಲಿಗೆ ಬರುವ ಹೊತ್ತಿಗೆ ಅಂಗಿ ಸೊಳ್ಳೆಪರದೆಯಂತಾಗಿತ್ತು. “ಹುಡುಗನಿಗೆ ಸರಿಯಾದ ಅಂಗಿಯೂ ಇಲ್ಲ” ಎಂದು ಆ ಮನೆಯವರು ಹೇಳಿ ಕಳಿಸಿದರು. ಆಸಿಡ್ಡಿನ ವಿಷಯ ವಿವರಿಸಲು ಯಾರೂ ಹೋಗಲಿಲ್ಲ. ಮುಂದೆ ಯಾರೂ ಕೇಳಲಿಲ್ಲ, ಗೌಡರೂ ಬಿಳಿ ಅಂಗಿ ಹೊಲಿಸಲಿಲ್ಲ. ಹೀಗೇ ವಯಸ್ಸು ನಲವತ್ತೆಂಟಾಯಿತು.

ಹೀಗಿರುವಾಗ ಎಂಬತ್ತಮೂರರ ಮಳೆ ಬಿಟ್ಟ ಮೇಲೆ, ಪ್ರೇಮನಾಥ ರೈಗಳು ಸ್ವತಃ ಅಂಗಡಿಯ ಮೆಟ್ಟಿಲು ಹತ್ತಿ ಬಂದರು.

ರೈಗಳು ಬೊಂಬಾಯಿಯಲ್ಲಿ ಇಪ್ಪತ್ತು ವರ್ಷ ಕ್ಯಾಂಟೀನು ನಡೆಸಿ ಊರಿಗೆ ಮರಳಿದವರು. ಗುಡ್ಡೆಯ ತಲೆಯಲ್ಲಿ ತಾರಸಿ ಮನೆ ಕಟ್ಟಿಸಿದ್ದರು. ಊರಿಗೆ ಏನಾದರೂ ಮಾಡಬೇಕು, ಮಾಡಿದ್ದು ಊರಿಗೆ ಗೊತ್ತಾಗಬೇಕು ಎಂಬ ಎರಡು ಆಸೆಗಳಲ್ಲಿ ಯಾವುದು ಮೊದಲು ಹುಟ್ಟಿತೆಂದು ಅವರಿಗೂ ಗೊತ್ತಿರಲಿಲ್ಲ. ಗಂಟಲಿಗೆ ವಸ್ತ್ರ ಒತ್ತಿಕೊಂಡು ಅವರು ವಿಷಯಕ್ಕೆ ಬಂದರು.

“ಗೌಡ್ರೆ, ಪೆಟ್ರೋಲಿನ ಕಾಲ ಮುಗೀತು. ಇನ್ನು ಬ್ಯಾಟರಿ ಕಾಲ. ನಾನು ಜೀಪನ್ನು ಬ್ಯಾಟರಿಯಲ್ಲಿ ಓಡಿಸುದು ಅಂತ ತೀರ್ಮಾನ ಮಾಡಿದ್ದೇನೆ.”

“ಜೀಪಿನಲ್ಲಿ ಬ್ಯಾಟರಿ ಈಗ್ಲೂ ಉಂಟಲ್ಲ ರೈಗಳೇ.”

“ಅದು ಹಾರ್ನ್ ಹೊಡಿಲಿಕ್ಕೆ ಮಾರಾಯ್ರೆ! ನಾನು ಹೇಳುದು ಚಕ್ರ ತಿರುಗಿಸ್ಲಿಕ್ಕೆ. ಬೊಂಬಾಯಿ ಬಂದರಿನಲ್ಲಿ ಸಾಮಾನು ಎತ್ತುವ ಗಾಡಿ ಹಾಗೆಯೇ ಓಡುದು. ಅದರ ಮೋಟಾರು ಹರಾಜಿನಲ್ಲಿ ತೆಗ್ದು ತಂದಿದ್ದೇನೆ. ಹೊಗೆ ಇಲ್ಲ, ಶಬ್ದ ಇಲ್ಲ. ನಿಮ್ಮ ಅಭಿಪ್ರಾಯ ಎಂತ?”

ಗೌಡರ ಅಭಿಪ್ರಾಯ ಕೇಳಿದವರು ಆ ಅಂಗಡಿಗೆ ಬಂದದ್ದು ಅದೇ ಮೊದಲು. ಬಂದರಿನ ನೆಲ ಸಪಾಟು, ಕಡಬದ ದಾರಿ ಹಾಗಲ್ಲ ಎಂದು ಅವರಿಗೆ ತಕ್ಷಣ ಹೊಳೆದಿತ್ತು. ಲಾರಿಯ ಒಂದು ಬ್ಯಾಟರಿಯಲ್ಲಿ ಎಷ್ಟು ಕಸುವು ಇರುತ್ತದೆಂದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಈ ಕಡೆ ಯಾರೂ ಇರಲಿಲ್ಲ. ಆಗುವುದಿಲ್ಲ ಎಂದು ಹೇಳಿದ್ದರೆ ರೈಗಳು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು.

“ನೋಡುವ” ಎಂದರು ಗೌಡರು.

ಮರುದಿನದಿಂದ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ರೈಗಳ ಅಂಗಳಕ್ಕೆ ಹೋಗುವುದು ರೂಢಿಯಾಯಿತು. ಅಂಗಳದ ಮಧ್ಯೆ ಎಂಜಿನು ಕಿತ್ತ ಹಳೆಯ ಜೀಪು, ಸುತ್ತ ಬೆಂಚು, ಬೆಂಚಿನ ತುಂಬ ಊರಿನವರು. ಬಯಲು ಗಾಳಿಯಲ್ಲಿ ಆಸಿಡ್ಡಿನ ಹೊಗೆ ಹಾರಿ ಹೋಗುತ್ತಿತ್ತು. ಯಾರೂ ಕೆಮ್ಮುತ್ತಿರಲಿಲ್ಲ, ಯಾರೂ ಏಳುತ್ತಿರಲಿಲ್ಲ. “ಅದೆಂತ ಗೌಡ್ರೆ?” “ಇದು ಎಂತಕ್ಕೆ ಗೌಡ್ರೆ?” ಎಂದು ಕೇಳುವವರೇ ಎಲ್ಲ. ಗೌಡರು ಮೊದಮೊದಲು ಒಂದು ಪದದಲ್ಲಿ ಉತ್ತರ ಕೊಟ್ಟರು, ಆಮೇಲೆ ಒಂದು ವಾಕ್ಯದಲ್ಲಿ, ಎರಡನೇ ವಾರಕ್ಕೆ ಬಸ್ ಕಂಪೆನಿಯ ಹಳೆಯ ಕತೆಗಳನ್ನೇ ಹೇಳತೊಡಗಿದರು. ತೂತಾದ ಅಂಗಿಯ ಕತೆಯನ್ನೂ ಹೇಳಿದರು. ಬೆಂಚುಗಳು ಬಿದ್ದು ಬಿದ್ದು ನಕ್ಕವು. ಹದಿನೆಂಟು ವರ್ಷ ಹಳೆಯ ಆ ಸಂಗತಿ ತಮಾಷೆಯದ್ದು ಎಂದು ಗೌಡರಿಗೆ ಗೊತ್ತಾದದ್ದು ಆ ದಿನವೇ.

ಒಂದು ಗಂಟೆಯಾದರೆ ರೈಗಳ ಹೆಂಡತಿ ಹರಿಣಾಕ್ಷಿಯಕ್ಕ ಜಗಲಿಗೆ ಬಂದು ಕರೆಯುತ್ತಿದ್ದರು. “ಬೆಳ್ಯಪ್ಪಣ್ಣ, ಬ್ಯಾಟರಿಗೆ ನೀರು ಹಾಕಿದ್ದು ಸಾಕು. ಬನ್ನಿ, ನಿಮ್ಮ ಹೊಟ್ಟೆಗೂ ಎಂತಾದ್ರೂ ಹಾಕ್ಬೇಕಲ್ಲ.” ಕುಚ್ಚಲಕ್ಕಿ ಅನ್ನ, ಮೀನು ಸಾರು, ಎರಡನೇ ಸಲ ಬಡಿಸುವ ಒತ್ತಾಯ. ಗೌಡರಿಗೆ ಊಟದ ಮಧ್ಯೆ ಮಾತಾಡುವುದು ಮರೆತೇ ಹೋಗಿತ್ತು. ಬಾಯಲ್ಲಿ ಅನ್ನ ಇರುವಾಗ ಪ್ರಶ್ನೆ ಬಂದರೆ ಏನು ಮಾಡಬೇಕೆಂದು ಅವರು ಹೊಸದಾಗಿ ಕಲಿಯಬೇಕಾಯಿತು.

ಬೆಂಚಿನಲ್ಲಿ ಕೂತವರಲ್ಲಿ ನಂಬದವನು ಒಬ್ಬ: ಸಾಹುಲ್ ಹಮೀದ್. ಬಾಡಿಗೆ ಜೀಪಿನವನು, ಗೌಡರ ಖಾಯಂ ಗಿರಾಕಿ. ಸುತ್ತಲಿನ ಹೆರಿಗೆ ಕೇಸುಗಳನ್ನೆಲ್ಲ ನಲವತ್ತು ಕಿಲೋಮೀಟರ್ ದೂರದ ಪುತ್ತೂರಿಗೆ ಮುಟ್ಟಿಸುವುದು ಅವನ ಜೀಪೇ. ಎಂಟು ಬ್ಯಾಟರಿ ಸಾಲದೆ ಹನ್ನೆರಡಕ್ಕೆ ಏರಿದ ದಿನ ಅವನು ಜೀಪಿನ ಹಿಂಭಾಗಕ್ಕೆ ಇಣುಕಿ ಹೇಳಿದ:

“ರೈಗಳೇ, ಏಳು ಜನರ ತೂಕ ಹಾಕಿದ್ದೀರಿ. ಏಳು ಜನವೂ ಟಿಕೆಟ್ ಕೊಡುವವರಲ್ಲ. ಪ್ಯಾಸೆಂಜರ್ ಎಲ್ಲಿ ಕೂರುದು, ಬಾನೆಟ್ಟಿನ ಮೇಲೆಯಾ?”

“ನಿನಗೆ ಹೊಟ್ಟೆಕಿಚ್ಚು ಮಾರಾಯ. ನಾಳೆ ನಿನ್ನ ಡೀಸೆಲ್ ಡಬ್ಬ ಯಾರೂ ಹತ್ತುದಿಲ್ಲ.”

“ಹತ್ತದಿದ್ರೆ ನಾನು ಬಂದು ನಿಮ್ಮದನ್ನು ದೂಡ್ತೇನೆ. ದೂಡ್ಲಿಕ್ಕೆ ಜನ ಬೇಕಾಗ್ತದೆ ನಿಮಗೆ.”

ಎಲ್ಲರೂ ನಕ್ಕರು. ರೈಗಳೂ ನಕ್ಕರು, ಸ್ವಲ್ಪ ತಡವಾಗಿ. ಗೌಡರು ಮಾತ್ರ ನಗದೆ ಸ್ಪ್ಯಾನರು ತಿರುಗಿಸುತ್ತಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಮೊದಲ ಓಟ ಎಂದು ನಿಗದಿಯಾಯಿತು. ಪತ್ರಿಕೆಗೆ ಸುದ್ದಿ ಕಳಿಸುವ ರಾಧಾಕೃಷ್ಣ ಮೇಷ್ಟ್ರು ಕ್ಯಾಮೆರಾ ಸಮೇತ ಬಂದಿದ್ದರು. ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಇಲ್ಲಿನ ಜೀಪುಗಳನ್ನು ಸಪಾಟು ಜಾಗದಲ್ಲಿ ಯಾರೂ ನಿಲ್ಲಿಸುವುದಿಲ್ಲ. ಬೆಳಿಗ್ಗೆ ಬ್ಯಾಟರಿ ಕೈಕೊಡುತ್ತದೆ ಎಂದು ಖಾತ್ರಿ ಇರುವುದರಿಂದ, ಮೂತಿಯನ್ನು ಇಳಿಜಾರಿಗೆ ಮಾಡಿ ನಿಲ್ಲಿಸುವುದು. ಬ್ರೇಕು ಬಿಟ್ಟು ಉರುಳಿಸಿ ಎಂಜಿನು ಎಬ್ಬಿಸುವುದು. ಹಿಂದಿನ ದಿನ ರೈಗಳ ಜೀಪನ್ನು ದೂಡಿ ಗೇಟಿನ ಹೊರಗೆ ನಿಲ್ಲಿಸಿದವರೂ ಕೈ ಅಭ್ಯಾಸದಲ್ಲಿ ಹಾಗೆಯೇ ನಿಲ್ಲಿಸಿದ್ದರು, ಗುಡ್ಡೆಯ ತಲೆಯಿಂದ ಪೇಟೆಯ ಕಡೆಗೆ ಮೂತಿ ಮಾಡಿ.

ಹೂವಿನ ಮಾಲೆ ಹಾಕಿದ ಜೀಪಿನಲ್ಲಿ ರೈಗಳು ಏರಿ ಕೂತರು. ಗೌಡರು ಹಿಂದೆ ಬಾಗಿ, ಬ್ಯಾಟರಿಯಿಂದ ಮೋಟಾರಿಗೆ ಹೋಗುವ, ಸಡಿಲವಾಗಿದ್ದ ದೊಡ್ಡ ವಯರನ್ನು ಪೂರ್ತಿ ಬಿಚ್ಚಿ ಅದರ ತುದಿ ಉಜ್ಜುತ್ತಿದ್ದರು.

“ಆಯ್ತಾ ಗೌಡ್ರೆ? ರಾಹುಕಾಲ ಬರ್ತಾ ಉಂಟು!”

“ಒಂದು ನಿಮಿಷ ರೈಗಳೇ, ಈ ವಯರು…”

ರಾಹುಕಾಲಕ್ಕೆ ವಯರಿನ ಚಿಂತೆ ಇಲ್ಲ. ರೈಗಳು ಹ್ಯಾಂಡ್‌ಬ್ರೇಕು ಬಿಟ್ಟರು. ಜೀಪು ಹೊರಟಿತು. ಗೌಡರು ಬಾಗಿದಲ್ಲೇ ನಿಂತಿದ್ದರು, ವಯರು ಕೈಯಲ್ಲಿ.

ಎಂಥ ಓಟ! ಒಂದಿಷ್ಟು ಶಬ್ದವಿಲ್ಲ. “ಶಬ್ದವೇ ಇಲ್ಲ ನೋಡಿ!” ಎಂದು ಜನ ಕೂಗಿದರು. ಹೊಗೆಯಿಲ್ಲ. “ಹೊಗೆಯೂ ಇಲ್ಲ!” ರೈಗಳು ಪೆಡಲು ಒತ್ತಿದಂತೆಲ್ಲ ಜೀಪಿನ ವೇಗ ಹೆಚ್ಚಿತು, ದಾರಿಯ ಇಳಿಜಾರು ಹೆಚ್ಚುವುದೂ ಅಲ್ಲಿಂದಲೇ. ಪೇಟೆಯ ಮಧ್ಯದಲ್ಲಿ ಅವರು ಎರಡೂ ಬದಿಗೆ ಕೈ ಬೀಸುತ್ತ ಹಾದು, ಮುಕ್ಕಾಲು ಮೈಲು ಆಚೆ ಮೋರಿಯ ಹತ್ತಿರ, ಏರು ಶುರುವಾಗುವಲ್ಲಿ, ನಿಂತರು. ಚಪ್ಪಾಳೆಯೋ ಚಪ್ಪಾಳೆ. ಹಿಂದೆ ಬರುವಾಗ ಹತ್ತು ಮಂದಿ ದೂಡಿದರು. ಬ್ಯಾಟರಿ ಇಳಿದಿರಬೇಕು ಎಂದು ಎಲ್ಲರೂ ಮಾತಾಡಿಕೊಂಡರು.

ಬೆವರಿಳಿಯುತ್ತಿದ್ದ ಹಮೀದ್ ಗೌಡರ ಪಕ್ಕಕ್ಕೆ ಬಂದು ನಿಂತ. ಅವರ ಕೈಯನ್ನು ನೋಡಿದ, ಮುಖವನ್ನು ನೋಡಿದ.

“ಗೌಡ್ರೆ, ನಾನು ಹತ್ತು ವರ್ಷದಿಂದ ಶಿರಾಡಿ ಘಾಟಿಯಲ್ಲಿ ಎಂಜಿನು ಬಂದ್ ಮಾಡಿ, ಕೆಳಗೆ ಗುಂಡ್ಯದ ತನಕ ಹಾಗೆಯೇ ಉರುಳಿಸಿ ಡೀಸೆಲ್ ಉಳಿಸುದು. ನನಗೆ ಯಾರೂ ಮಾಲೆ ಹಾಕ್ಲಿಲ್ಲ.”

“ಸುಮ್ಮನಿರು ಮಾರಾಯ.”

“ನನಗೆಂತ? ಹೇಳಬೇಕಾದವರು ನೀವು.”

ಹೇಳಬೇಕೆಂದೇ ಗೌಡರು ಒಳಗೆ ಹೋದರು. ಅಷ್ಟರಲ್ಲಿ ರೈಗಳು ತಮ್ಮ ಕೊರಳಿನ ಮಾಲೆ ತೆಗೆದು ಗೌಡರಿಗೆ ಹಾಕಿ, “ಇವರು ನಮ್ಮ ಚೀಫ್ ಎಂಜಿನಿಯರು” ಎಂದು ಮೇಷ್ಟ್ರ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಹರಿಣಾಕ್ಷಿಯಕ್ಕ ಪಾಯಸ ತಂದರು. ಅದರ ನಡುವೆ ಆ ಮಾತು ಎಲ್ಲಿ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡರು.

ಮರುದಿನ ವಯರು ಸರಿಯಾಗಿ ಕೂರಿಸಿದರು. ಸಪಾಟಿನಲ್ಲಿ ಜೀಪು ನಿಜಕ್ಕೂ ಓಡಿತು; ಅಂಗಳಕ್ಕೆ ನಾಲ್ಕು ಸುತ್ತು ಬಂತು. ಏರಿಗೆ ಬಿಟ್ಟರೆ ನೂರು ಗಜದಲ್ಲಿ ಮೋಟಾರು ಸುಟ್ಟ ವಾಸನೆ ಬಿಡುತ್ತಿತ್ತು. ಕಡಬದ ಕರೆಂಟು ಹೇಳಿ ಬರುವುದೂ ಅಲ್ಲ, ಹೇಳಿ ಹೋಗುವುದೂ ಅಲ್ಲ. ಬಂದಾಗಲೂ ಬಲ್ಬಿನ ತಂತಿ ಕೆಂಪಗಾಗುವಷ್ಟೇ. ಹನ್ನೆರಡು ಬ್ಯಾಟರಿಗೆ ಅದು ಎಲ್ಲಿ ಸಾಕು? ರೈಗಳು ಉಪಾಯ ಕಂಡುಹಿಡಿದರು: ತೋಟದ ಡೀಸೆಲ್ ಪಂಪಿಗೆ ಡೈನಮೋ ಕಟ್ಟಿಸಿದರು. ಡೀಸೆಲ್ ಇಲ್ಲದ ಗಾಡಿಯ ಹೊಟ್ಟೆ ತುಂಬಲು ಡೀಸೆಲ್ ಎಂಜಿನು ಬೆಳಗಿನಿಂದ ಸಂಜೆಯವರೆಗೆ ಬಡಬಡ ಎನ್ನತೊಡಗಿತು. ಅಷ್ಟೇ ಎಣ್ಣೆಯಲ್ಲಿ ಹಮೀದ್ ಪುತ್ತೂರಿಗೆ ಹೋಗಿ, ಚಹಾ ಕುಡಿದು, ಮರಳಿ ಬರುತ್ತಿದ್ದ. ಗೌಡರಿಗೆ ಇದು ಗೊತ್ತಿತ್ತು.

“ಏರು ಹತ್ತೀತಲ್ಲ ಗೌಡ್ರೆ?” ಎಂದು ರೈಗಳು ದಿನಾ ಕೇಳುವರು.

“ನೋಡುವ” ಎಂದು ಗೌಡರು ದಿನಾ ಹೇಳುವರು.

ಸುಳ್ಳು ಹೇಳಿದ್ದಲ್ಲ ಎಂದು ಅವರು ತಮಗೆ ತಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಸಂಜೆ ಅಂಗಡಿಗೆ ಮರಳಿ, ಹಿಂದಿನ ಕೋಣೆಯ ಮಂಚದಲ್ಲಿ ಕೂತು, ಆ ದಿನ ಯಾರು ಏನು ಹೇಳಿದರು, ತಾನು ಏನು ಹೇಳಿದೆ, ಯಾವುದಕ್ಕೆ ಎಷ್ಟು ನಕ್ಕರು ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದರು. ಜೀಪು ಓಡುವುದಿಲ್ಲವೆಂದು ಹೇಳಿದ ದಿನ ಬೆಂಚೂ ಹೋಯಿತು, ಬಡಿಸುವವರೂ ಹೋದರು. ಅದರ ಲೆಕ್ಕಕ್ಕೆ ಗಾಜಿನ ಕೊಳವೆ ಬೇಕಾಗಿರಲಿಲ್ಲ.

ಜನವರಿಯಲ್ಲಿ ರೈಗಳು ಪೇಟೆಯಲ್ಲಿ ಬೋರ್ಡು ಹಾಕಿಸಿದರು. ಗಣರಾಜ್ಯೋತ್ಸವದಿಂದ ಬ್ಯಾಟರಿ ಜೀಪಿನಲ್ಲಿ ಹೆರಿಗೆಯವರಿಗೆ ಪುತ್ತೂರಿಗೆ ಉಚಿತ ಸಾಗಾಟ. ಕೆಳಗೆ ಅವರ ಹೆಸರು. ಅದರ ಕೆಳಗೆ, ಸಣ್ಣಕ್ಷರದಲ್ಲಿ, ಗೌಡರದ್ದು.

ಮೂರು ದಿನ ಕಳೆದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಚನಿಯಪ್ಪ ಎಂಬವನು ಜಗಲಿಯ ಬದಿಗೆ ಬಂದು ನಿಂತ. ಮೂರು ಏರು ಆಚೆಯ ಹಳ್ಳಿಯವನು, ರಬ್ಬರ್ ಟ್ಯಾಪಿಂಗ್ ಕೆಲಸ. ಹೆಂಡತಿ ಅಮ್ಮುವಿಗೆ ಈ ತಿಂಗಳ ಕೊನೆಗೆ ಹೆರಿಗೆಯ ದಿನ. ಮೊದಲ ಎರಡು ಮಕ್ಕಳು ಉಳಿದಿರಲಿಲ್ಲ.

“ಧಣಿಗಳೇ, ಬೋರ್ಡು ಓದಿಸಿದೆ. ಹಮೀದಾಕನಿಗೆ ಹೇಳಿಟ್ಟಿದ್ದೆ, ಬೇಡ ಅಂತ ಹೇಳಿ ಬಂದೆ.”

“ಒಳ್ಳೇದು ಮಾಡಿದೆ!” ಎಂದರು ರೈಗಳು. ಎದೆ ಸ್ವಲ್ಪ ಮುಂದೆ ಬಂತು.

ಚನಿಯಪ್ಪ ಹೋಗಲಿಲ್ಲ. ಗೌಡರ ಕಡೆ ತಿರುಗಿದ. “ಗೌಡ್ರೆ, ನೀವು ಬ್ಯಾಟರಿಯವರು. ಪುತ್ತೂರಿಗೆ ಮುಟ್ತದಲ್ಲ?”

ಗೌಡರ ಬಾಯಲ್ಲಿ ಅನ್ನವಿತ್ತು. “ನೋಡುವ” ಎನ್ನಲು ಅದೊಂದು ಅಡ್ಡಿಯಾಗಿರಲಿಲ್ಲ. ಅಮ್ಮುವನ್ನು ಅವರು ಕಂಡವರಲ್ಲ. ಮೊದಲ ಏರಿನ ನಡುವೆ ಕಾಡಿನಲ್ಲಿ ಮೋಟಾರು ವಾಸನೆ ಬಿಡುವುದು ಮಾತ್ರ ಕಣ್ಣಿಗೆ ಕಟ್ಟಿತು. ಅವರು ತುತ್ತು ನುಂಗಿದರು.

“ಮುಟ್ಟುದಿಲ್ಲ. ನಿನ್ನ ಮೊದಲ ಏರೇ ಹತ್ತುದಿಲ್ಲ. ಈಗ್ಲೇ ಹೋಗಿ ಹಮೀದನಿಗೆ ಪುನಃ ಹೇಳಿಡು.”

ಜಗಲಿಯಲ್ಲಿದ್ದ ಏಳೆಂಟು ಮಂದಿಯ ಕೈ ಬಟ್ಟಲಲ್ಲೇ ನಿಂತಿತು.

“ಎಂತ ಗೌಡ್ರೆ ನೀವು ಹೇಳುದು?” ರೈಗಳ ಸ್ವರ ಸಣ್ಣದಾಗಿತ್ತು. “ಊರಿಡೀ ನೋಡಿದ್ದು. ಮುಕ್ಕಾಲು ಮೈಲು ಓಡ್ಲಿಲ್ವಾ?”

“ಅದು ಇಳಿಜಾರು ರೈಗಳೇ. ವಯರು ನನ್ನ ಕೈಯಲ್ಲಿತ್ತು.”

ಯಾರೋ ಒಬ್ಬ ನಕ್ಕ. ನಕ್ಕವನು ಮಜ್ಜಿಗೆ ಕುಡಿದಂತೆ ಮಾಡಿ ಮುಚ್ಚಿಕೊಂಡ. ರೈಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಗೌಡರಿಗೆ ಆಮೇಲೆ ಎಷ್ಟೋ ಸಲ ಅನಿಸಿತು. ರೈಗಳು ನಿಧಾನಕ್ಕೆ ಎದ್ದು, ಕೈ ತೊಳೆದು, “ಇಷ್ಟು ದಿನ ಗೊತ್ತಿತ್ತು ನಿಮಗೆ” ಎಂದು ಪ್ರಶ್ನೆಯಲ್ಲದ ಪ್ರಶ್ನೆಯೊಂದನ್ನು ಹೇಳಿ ಒಳಗೆ ಹೋದರು. ಅದಕ್ಕೆ ಕೊಡುವ ಉತ್ತರ ಗೌಡರಲ್ಲಿ ಇತ್ತು. ಊಟಕ್ಕಾಗಿ ಅಲ್ಲ ರೈಗಳೇ, ಊಟದ ಹೊತ್ತಿಗೆ ನೀವೆಲ್ಲ ಇರುತ್ತಿದ್ದಿರಲ್ಲ, ಅದಕ್ಕಾಗಿ ಎಂದು. ಐವತ್ತು ಹತ್ತಿರ ಬಂದ ಗಂಡಸು ಇದನ್ನು ಏಳೆಂಟು ಜನರ ಎದುರು ಹೇಗೆ ಹೇಳುವುದು?

“ಅನ್ನ ಬಿಡ್ಬೇಡಿ ಬೆಳ್ಯಪ್ಪಣ್ಣ, ಉಂಡು ಹೋಗಿ” ಎಂದರು ಹರಿಣಾಕ್ಷಿಯಕ್ಕ. ಗೌಡರು ತಲೆ ಬಗ್ಗಿಸಿ ಉಂಡರು. ಆ ದಿನ ಎರಡನೇ ಸಲ ಬಡಿಸಲು ಯಾರೂ ಒತ್ತಾಯ ಮಾಡಲಿಲ್ಲ.

ಅಮ್ಮು ತಿಂಗಳ ಕೊನೆಯಲ್ಲಿ ಹಮೀದನ ಜೀಪಿನಲ್ಲಿ ಹೋಗಿ ಪುತ್ತೂರಿನಲ್ಲಿ ಹೆಣ್ಣು ಹೆತ್ತಳು. ತಾಯಿ ಮಗು ಚೆನ್ನಾಗಿದ್ದಾರೆಂಬ ಸುದ್ದಿಯನ್ನು ಹಮೀದ್ ಗಾಡಿ ನಿಲ್ಲಿಸದೆಯೇ ಅಂಗಡಿಯ ಎದುರು ಕೂಗಿ ಹೇಳಿ ಹೋದ. ಗೌಡರು ಹೊರಗೆ ಬರುವಾಗ ಬರೀ ಧೂಳಿತ್ತು.

ಪೇಟೆಯ ಬೋರ್ಡು ಒಂದು ಬೆಳಿಗ್ಗೆ ಇರಲಿಲ್ಲ. ರೈಗಳ ಜೀಪಿನಲ್ಲಿ ಕೋಳಿಗಳು ಮೊಟ್ಟೆಯಿಡತೊಡಗಿದವು. ಬ್ಯಾಟರಿಗಳಲ್ಲಿ ಒಂದನ್ನು ಮನೆಯ ಟಿ.ವಿ.ಗೆ ಇಟ್ಟುಕೊಂಡರು, ವಾರಕ್ಕೊಮ್ಮೆ ಅದು ಆಳಿನ ತಲೆಯ ಮೇಲೆ ಅಂಗಡಿಗೆ ಬರುತ್ತಿತ್ತು. “ಯಾವಾಗ?” ಎಂದು ಆಳು ಕೇಳುವನು. “ಬುಧವಾರ” ಎಂದು ಗೌಡರು ಹೇಳುವರು. ರೈಗಳು ಸೌಖ್ಯವೋ ಎಂಬ ಪ್ರಶ್ನೆ ಪ್ರತಿ ಸಲವೂ ಅವರ ಗಂಟಲವರೆಗೆ ಬರುತ್ತಿತ್ತು. ಅಷ್ಟರಲ್ಲಿ ಆಳು ಮೆಟ್ಟಿಲಿಳಿದಿರುತ್ತಿದ್ದ.

ಗೌಡರು ಪುತ್ತೂರಿನಿಂದ ಒಂದು ಮರದ ಬೆಂಚು ತರಿಸಿ ಅಂಗಡಿಯ ಹೊರಗೆ, ಗಾಳಿ ಬರುವ ಬದಿಯಲ್ಲಿ ಹಾಕಿಸಿದರು. ಯಾರಿಗೆಂದು ಹೇಳಲಿಲ್ಲ. ಜನ ಬಂದರು, ಬೆಂಚು ಕಂಡು “ಒಳ್ಳೇದಾಯ್ತು” ಎಂದರು, ಬ್ಯಾಟರಿಯನ್ನು ಅದರ ಮೇಲೆ ಇಟ್ಟು ಹೋದರು.

ಎರಡು ವರ್ಷದ ಮೇಲೆ ರಾಧಾಕೃಷ್ಣ ಮೇಷ್ಟ್ರಿಗೆ ಗೌಡರ ನೆನಪಾಯಿತು. ಪತ್ರಿಕೆಯ ವಿಶೇಷ ಸಂಚಿಕೆಗೆ ಎಲೆಮರೆಯ ಸಾಧಕರ ಬಗ್ಗೆ ಬರೆಯಬೇಕಿತ್ತಂತೆ. ಮೊದಲ ಓಟವನ್ನು ‘ಕಡಬದಲ್ಲಿ ನವಯುಗದ ಉದಯ’ ಎಂದು ವರ್ಣಿಸಿದ್ದ ಪೆನ್ನು ಅದೇ. ಆಮೇಲೆ ಏನಾಯಿತೆಂಬುದನ್ನು ಬರೆಯಲು ಅದಕ್ಕೆ ಪುರಸೊತ್ತಾಗಿರಲಿಲ್ಲ. ಮೇಷ್ಟ್ರು ಬೆಂಚಿನ ಬ್ಯಾಟರಿಯನ್ನು ಕೆಳಗಿಡಿಸಿ, ಜಾಗವನ್ನು ವಸ್ತ್ರದಲ್ಲಿ ಒರೆಸಿ ಕೂತರು. ಆ ಬೆಂಚಿನಲ್ಲಿ ಮನುಷ್ಯರು ಕೂತದ್ದು ಅದೇ ಮೊದಲು. ಗೌಡರು ಎದುರಿನ ಹೋಟೆಲಿನಿಂದ ಎರಡು ಚಹಾ ತರಿಸಿದರು. ಹುಟ್ಟಿದ ಇಸವಿ, ಬಸ್ ಕಂಪೆನಿ, ಆಸಿಡ್ಡಿನ ಹದ ಎಲ್ಲ ಕೇಳಿಯಾಯಿತು. ಗೌಡರು ಉದ್ದುದ್ದ ಉತ್ತರ ಕೊಟ್ಟರು, ಚಹಾವನ್ನು ಆದಷ್ಟು ನಿಧಾನ ಕುಡಿದರು. ಮೇಷ್ಟ್ರು ಗಡಿಯಾರ ನೋಡಿ, ಪುಸ್ತಕ ಮಡಚುವ ಮೊದಲು, ತಲೆಬರಹಕ್ಕೆ ಒದಗಬಹುದಾದ ಕೊನೆಯ ಪ್ರಶ್ನೆಯನ್ನು ಎದೆ ಸೆಟೆಸಿ ಕೇಳಿದರು:

“ಗೌಡರೇ, ಹಗಲಿರುಳು ವಿದ್ಯುಚ್ಛಕ್ತಿಯ ಸಾನ್ನಿಧ್ಯದಲ್ಲೇ ಬದುಕುವ ತಮ್ಮಂಥವರಿಗೆ ಒಂಟಿತನದ ಕತ್ತಲೆ ಎಂಬುದು ಸೋಕುವ ಸಂಭವವೇ ಇಲ್ಲ, ಅಲ್ಲವೇ?”

“ಕತ್ತಲೆ ಎಂತ ಮಾಡ್ತದೆ ಮೇಷ್ಟ್ರೆ, ಬಲ್ಬು ಉಂಟು,” ಎಂದರು ಗೌಡರು. “ಜನ ಇಲ್ಲ. ಬೇಸರ ಆಗ್ತದೆ.”